ಯಾವ ನೀರು ಎಲ್ಲಿಯದು? ಧ್ರುವ ಸಾಗರಗಳ ಸಿಹಿನೀರಿನ ಮೂಲ ಹುಡುಕಿದ ಏಳು ದಶಕಗಳು

ಭೂಮಿಯ ಸಾಗರಗಳಲ್ಲಿರುವ ಒಟ್ಟು ನೀರಿನಲ್ಲಿ ಆರ್ಕ್ಟಿಕ್ ಸಾಗರದ ಪಾಲು ನೂರಕ್ಕೆ ಒಂದರಷ್ಟು. ಆದರೆ ಜಗತ್ತಿನ ನದಿಗಳೆಲ್ಲ ಸೇರಿ ಕಡಲಿಗೆ ಸುರಿಯುವ ನೀರಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಈ ಪುಟ್ಟ ಸಾಗರಕ್ಕೇ ಹೋಗುತ್ತದೆ. ಓಬ್, ಯೆನಿಸೇ, ಲೇನಾ, ಕೊಲೀಮಾ ನದಿಗಳು ಸೈಬೀರಿಯದಿಂದ ಇಳಿಯುತ್ತವೆ, ಮೆಕೆಂಜಿ ಕೆನಡಾದಿಂದ ಬರುತ್ತದೆ. ಬೇಸಿಗೆಯಲ್ಲಿ ಕಡಲ ಮೇಲಿನ ಮಂಜುಗಡ್ಡೆ ಕರಗುತ್ತದೆ, ಗ್ರೀನ್‌ಲ್ಯಾಂಡಿನ ಹಿಮರಾಶಿ ತನ್ನ ಪಾಲನ್ನು ಸೇರಿಸುತ್ತದೆ. ಬೇರಿಂಗ್ ಜಲಸಂಧಿಯ ಮೂಲಕ ಉಪ್ಪು ಕಡಿಮೆ ಇರುವ ಪೆಸಿಫಿಕ್ ನೀರು ಒಳನುಗ್ಗುತ್ತದೆ. ಇಷ್ಟೆಲ್ಲ ಬೆರೆತ ಮೇಲೆ ಲವಣಾಂಶ ಅಳೆಯುವ ಉಪಕರಣವನ್ನು ಕಡಲಿಗೆ ಇಳಿಸಿದರೆ ಅದು ಒಂದೇ ಮಾತು ಹೇಳುತ್ತದೆ: ಇಲ್ಲಿ ಉಪ್ಪು ಕಡಿಮೆಯಾಗಿದೆ. ಅದನ್ನು ಕಡಿಮೆ ಮಾಡಿದವರು ಯಾರು ಎಂಬುದು ಆ ಉಪಕರಣಕ್ಕೆ ತಿಳಿಯುವುದಿಲ್ಲ.

ತಿಳಿಯಲೇಬೇಕಾದ ಕಾರಣಗಳಿವೆ. ತೇಲುವ ಕಡಲ ಮಂಜು ಕರಗಿದರೆ ಸಮುದ್ರ ಮಟ್ಟ ಏರುವುದಿಲ್ಲವೆಂದೇ ಹೇಳಬಹುದು, ನೆಲದ ಮೇಲಿನ ಹಿಮ ಕರಗಿ ಬಂದರೆ ಏರುತ್ತದೆ. ನದಿಯ ನೀರು ತನ್ನೊಡನೆ ಕಾಡಿನ ಇಂಗಾಲವನ್ನೂ ಪೋಷಕಾಂಶಗಳನ್ನೂ ತರುತ್ತದೆ, ಕರಗಿದ ಮಂಜುಗಡ್ಡೆಯಲ್ಲಿ ಅವು ಬಹಳ ಕಡಿಮೆ. ಸಿಹಿನೀರು ಹಗುರ, ಅದು ಮೇಲೆಯೇ ಹಾಸಿಕೊಳ್ಳುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ತಣ್ಣನೆಯ ಉಪ್ಪುನೀರು ಆಳಕ್ಕೆ ಮುಳುಗಿ ಜಗತ್ತಿನ ಸಾಗರ ಪ್ರವಾಹಗಳನ್ನು ನಡೆಸುತ್ತದೆ, ಮೇಲೆ ಸಿಹಿನೀರಿನ ಹಾಸು ದಪ್ಪವಾದರೆ ಆ ಮುಳುಗುವಿಕೆಗೆ ತಡೆಯಾಗುತ್ತದೆ. 1960ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ ಉತ್ತರ ಅಟ್ಲಾಂಟಿಕ್ ಸುತ್ತ ಹೀಗೊಂದು ಸಿಹಿನೀರಿನ ರಾಶಿ ತಿರುಗಾಡಿದ್ದು ಸಾಗರ ವಿಜ್ಞಾನಿಗಳ ನೆನಪಿನಲ್ಲಿ ಉಳಿದಿದೆ. ಅಲಾಸ್ಕದ ಉತ್ತರಕ್ಕಿರುವ ಬ್ಯೂಫೋರ್ಟ್ ಸುಳಿಯಲ್ಲಿ ಕೂಡಿಟ್ಟ ಸಿಹಿನೀರು 1970ರ ದಶಕದ ಪ್ರಮಾಣಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚಿದೆ ಎಂದು 2019ರಲ್ಲಿ ಪ್ರಕಟವಾದ ಲೆಕ್ಕ ಹೇಳಿತು. ಆ ನೀರು ನದಿಯದೋ, ಕರಗಿದ ಮಂಜಿನದೋ, ಹಿಮನದಿಯದೋ ಎಂಬುದರ ಮೇಲೆ ಮುಂದಿನ ಅಂದಾಜುಗಳೆಲ್ಲ ನಿಂತಿವೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆ ಏಳು ದಶಕಗಳಲ್ಲಿ ಬೆಳೆದು ಬಂದಿದೆ. ನೀರಿನ ಅಣುವಿನೊಳಗೇ ಇರುವ ಸ್ಥಿರ ಸಮಸ್ಥಾನಿಗಳು, ಅಂದರೆ ವಿಕಿರಣ ಸೂಸದೆ ಹಾಗೆಯೇ ಉಳಿಯುವ ಐಸೊಟೋಪುಗಳು, ಈ ವಿದ್ಯೆಯ ಬುನಾದಿ. ಅದು ಮುಂದೆ ಸಾಗಿದ ದಾರಿಯನ್ನು ನೋಡಿದರೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಕಡಲಿನಲ್ಲಿ ಸಿಕ್ಕ ಉತ್ತರದ ಗಟ್ಟಿತನ, ಕಡಲಿಗೆ ಬರುವ ನೀರನ್ನು ಅದರ ತವರಿನಲ್ಲೇ ಅಳೆದವರ ಶ್ರದ್ಧೆಗೆ ತಕ್ಕಷ್ಟೇ ಇರುತ್ತದೆ. ಧ್ರುವ ಸಾಗರಕ್ಕೆ ನಿಜವಾದ ಈ ಮಾತು ನಮ್ಮ ಬೆಳಗಾವಿ ಸೀಮೆಯ ಘಟಪ್ರಭಾ ನದಿಗೂ ನಿಜ.

ನೀರಿನ ಎರಡು ಗುರುತುಗಳು

ಆಮ್ಲಜನಕದ ಸಾವಿರ ಪರಮಾಣುಗಳಲ್ಲಿ ಸುಮಾರು ಎರಡು ಮಾತ್ರ ತೂಕದ ಆಮ್ಲಜನಕ-18, ಉಳಿದವು ಬಹುಪಾಲು ಆಮ್ಲಜನಕ-16. ಜಲಜನಕದಲ್ಲಿ ತೂಕದ ಡ್ಯೂಟೇರಿಯಂ ಇನ್ನೂ ವಿರಳ, ಹತ್ತು ಲಕ್ಷಕ್ಕೆ 156ರ ಆಸುಪಾಸು. ನೀರು ಆವಿಯಾಗುವಾಗ ಹಗುರ ಅಣುಗಳು ಸುಲಭವಾಗಿ ಮೇಲೇಳುತ್ತವೆ. ಮೋಡ ಮಳೆ ಸುರಿಸುವಾಗ ತೂಕದ ಅಣುಗಳು ಮೊದಲು ಇಳಿಯುತ್ತವೆ. ಹೀಗೆ ಸುರಿಸುತ್ತ ಸುರಿಸುತ್ತ ಧ್ರುವದ ಕಡೆಗೆ ಸಾಗುವ ಹೊತ್ತಿಗೆ ಮೋಡದಲ್ಲಿ ತೂಕದ ಅಣುಗಳು ಬಹಳ ಕಡಿಮೆಯಾಗಿರುತ್ತವೆ. ವಿಜ್ಞಾನಿಗಳು ಈ ವ್ಯತ್ಯಾಸವನ್ನು ಸಾಗರದ ಸರಾಸರಿ ನೀರನ್ನು ಸೊನ್ನೆ ಎಂದಿಟ್ಟುಕೊಂಡು ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುತ್ತಾರೆ, ಅದಕ್ಕೆ ಡೆಲ್ಟಾ ಮೌಲ್ಯ ಎನ್ನುತ್ತಾರೆ. ಆರ್ಕ್ಟಿಕ್‌ನ ದೊಡ್ಡ ನದಿಗಳಲ್ಲಿ ಆಮ್ಲಜನಕ-18ರ ಡೆಲ್ಟಾ ಸುಮಾರು -15ರಿಂದ -22. ಗ್ರೀನ್‌ಲ್ಯಾಂಡಿನ ಹಿಮದ ನೆತ್ತಿಯಲ್ಲಿ -35ರ ಸುತ್ತ. ಅಂಟಾರ್ಕ್ಟಿಕದ ಒಳನಾಡಿನ ವೋಸ್ಟೋಕ್‌ನಲ್ಲಿ -57ರ ಹತ್ತಿರ.

ಕಡಲ ಮಂಜುಗಡ್ಡೆಯ ನಡತೆ ಬೇರೆ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಬಹುಪಾಲು ಉಪ್ಪನ್ನು ಹೊರತಳ್ಳುತ್ತದೆ, ಆದರೆ ಸಮಸ್ಥಾನಿಗಳ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಮಂಜು ತನ್ನ ತಾಯಿ ನೀರಿಗಿಂತ ಸಾವಿರಕ್ಕೆ ಎರಡರಷ್ಟು ತೂಕವಾಗುತ್ತದೆ, ಅಷ್ಟೆ. ಇಡೀ ವಿದ್ಯೆಯ ಕೀಲಿ ಇಲ್ಲಿದೆ. ನದಿಯ ನೀರು ಬೆರೆತರೆ ಉಪ್ಪೂ ಇಳಿಯುತ್ತದೆ, ಡೆಲ್ಟಾ ಕೂಡ ಇಳಿಯುತ್ತದೆ. ಕಡಲ ಮಂಜು ಕರಗಿ ಬೆರೆತರೆ ಉಪ್ಪು ಇಳಿಯುತ್ತದೆ, ಡೆಲ್ಟಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎರಡನ್ನೂ ಅಳೆದರೆ ಎರಡು ಮೂಲಗಳನ್ನು ಬಿಡಿಸಿ ನೋಡಬಹುದು.

ಬೆರಕೆಯ ಲೆಕ್ಕವನ್ನು ಘಟಪ್ರಭೆಗೆ ಕಟ್ಟಿದ ಧುಪದಾಳದ ಒಡ್ಡಿನಲ್ಲಿ ನಿಂತು ಅರ್ಥಮಾಡಿಕೊಳ್ಳುವುದು ಸುಲಭ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಒಂದು ಕಡೆಯಿಂದ ಬರುತ್ತದೆ, ಹುಕ್ಕೇರಿ ಸೀಮೆ ಹಾಯ್ದ ಹಿರಣ್ಯಕೇಶಿ ಇನ್ನೊಂದು ಕಡೆಯಿಂದ ಬಂದು ಕೂಡುತ್ತದೆ. ಬೇಸಿಗೆಯುದ್ದಕ್ಕೂ ಜಲಾಶಯದಲ್ಲಿ ನಿಂತ ನೀರಿನಿಂದ ಹಗುರ ಅಣುಗಳು ಆವಿಯಾಗಿ ಹೋಗಿರುತ್ತವೆ, ಹಾಗಾಗಿ ಅದು ತುಸು ತೂಕದ್ದು. ಹಿರಣ್ಯಕೇಶಿಯಲ್ಲಿ ಹೊಸ ಮಳೆಯ ನೀರು. ಲೆಕ್ಕ ತಿಳಿಯುವುದಕ್ಕಾಗಿ ಮಾತ್ರ ಒಂದು ಊಹೆ ಮಾಡೋಣ: ಜಲಾಶಯದ ನೀರು -1, ಹಿರಣ್ಯಕೇಶಿ -3, ಒಡ್ಡಿನ ನೀರು -2.5. ಆಗ ಒಡ್ಡಿನಲ್ಲಿರುವ ನೀರಿನ ನಾಲ್ಕರಲ್ಲಿ ಮೂರು ಪಾಲು ಹಿರಣ್ಯಕೇಶಿಯದು. ಇಲ್ಲಿ ಮೂಲಗಳು ಎರಡು, ಹಾಗಾಗಿ ಒಂದು ಗುರುತು ಸಾಕು. ಮೂಲ ಮೂರಾದರೆ ಎರಡು ಗುರುತು ಬೇಕು, ನಾಲ್ಕಾದರೆ ಮೂರು.

ಧ್ರುವ ಸಾಗರದಲ್ಲಿ ಮೂಲಗಳು ಕನಿಷ್ಠ ಮೂರು: ಉಪ್ಪು ತುಂಬಿದ ಅಟ್ಲಾಂಟಿಕ್ ನೀರು, ನದಿ ಮತ್ತು ಮಳೆ ಹಿಮದ ನೀರು, ಕಡಲ ಮಂಜು. ಮತ್ತೊಂದು ಊಹೆಯ ಉದಾಹರಣೆ ನೋಡಿ. ಕಡಲ ನೀರಿನ ಲವಣಾಂಶ 35, ಡೆಲ್ಟಾ +0.3. ನದಿಯದು ಸೊನ್ನೆ ಮತ್ತು -20. ಮಂಜಿನದು 4 ಮತ್ತು +0.5. ಒಂದು ಮಾದರಿಯಲ್ಲಿ ಲವಣಾಂಶ 32.12, ಡೆಲ್ಟಾ -1.73 ಸಿಕ್ಕಿದರೆ, ಬರೀ ಲವಣಾಂಶ ನೋಡಿದವರು ಅಲ್ಲಿ ಶೇ. 8ರಷ್ಟು ಸಿಹಿನೀರಿದೆ ಎನ್ನುತ್ತಾರೆ. ಎರಡನ್ನೂ ಕೂಡಿಸಿ ಬಿಡಿಸಿದರೆ ನದಿಯ ಪಾಲು ಶೇ. 10, ಮಂಜಿನ ಪಾಲು ಶೇ. 2 ಋಣ ಎಂದು ಬರುತ್ತದೆ. ಋಣ ಎಂದರೆ ಆ ನೀರಿನಿಂದ ಮಂಜುಗಡ್ಡೆ ಹೆಪ್ಪುಗಟ್ಟಿ ಬೇರೆಡೆಗೆ ತೇಲಿ ಹೋಗಿದೆ, ಉಪ್ಪನ್ನು ಹಿಂದೆ ಬಿಟ್ಟಿದೆ. ಒಂದು ಬಾಟಲಿ ನೀರು ಹೀಗೆ ಹೋದ ಚಳಿಗಾಲದ ಕಥೆಯನ್ನೂ ಹೇಳುತ್ತದೆ.

ಮೊದಲ ಅಳತೆಗಳು

ಆಮ್ಲಜನಕ-18 ಪತ್ತೆಯಾದದ್ದು 1929ರಲ್ಲಿ. ಡ್ಯೂಟೇರಿಯಂ ಕಂಡುಹಿಡಿದ ಹೆರಾಲ್ಡ್ ಯೂರಿಗೆ 1934ರಲ್ಲಿ ನೊಬೆಲ್ ಬಂತು. ಯೂರಿಯ ಗುಂಪಿನಲ್ಲಿ ಬೆಳೆದ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಈ ಸೂಕ್ಷ್ಮ ವ್ಯತ್ಯಾಸವನ್ನು ನಂಬುವಂತೆ ಅಳೆಯಬಲ್ಲದ್ದಾಯಿತು. 1953ರಲ್ಲಿ ಸ್ಯಾಮ್ಯುಯೆಲ್ ಎಪ್‌ಸ್ಟೈನ್ ಮತ್ತು ತೋಶಿಕೊ ಮಾಯೆಡಾ ನೈಸರ್ಗಿಕ ನೀರುಗಳ ಆಮ್ಲಜನಕ-18ರ ವ್ಯತ್ಯಾಸದ ಬಗ್ಗೆ ಬರೆದ ಪ್ರಬಂಧದಿಂದ ಈ ಕ್ಷೇತ್ರ ಆರಂಭವಾಯಿತು ಎನ್ನಬಹುದು. ನೀರಿನ ಮಾದರಿಯನ್ನು ಇಂಗಾಲದ ಡೈಆಕ್ಸೈಡಿನೊಡನೆ ಮುಚ್ಚಿಟ್ಟು, ಎರಡರ ನಡುವೆ ಆಮ್ಲಜನಕ ಅದಲುಬದಲಾದ ಮೇಲೆ ಆ ಅನಿಲವನ್ನು ಅಳೆಯುವ ಅವರ ವಿಧಾನ ಅರ್ಧ ಶತಮಾನ ಬಾಳಿತು. ಸಾಗರದ ನೀರಿಗೆ ಕರಗಿದ ಹಿಮ ಬೆರೆತಾಗ ಉಪ್ಪಿನ ಜೊತೆಗೆ ಡೆಲ್ಟಾ ಕೂಡ ಬದಲಾಗುವುದನ್ನು ಅವರು ಆಗಲೇ ಗಮನಿಸಿದ್ದರು.

ಅದೇ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ವಿಲ್ಲಿ ಡಾನ್ಸ್‌ಗಾರ್ಡ್ ಬೇರೆ ದಾರಿ ಹಿಡಿದರು. 1952ರ ಜೂನ್‌ನಲ್ಲಿ ಜೋರು ಮಳೆ ಬಂದಾಗ ಬಿಯರ್ ಬಾಟಲಿಗೆ ಆಲಿಕೆ ಇಟ್ಟು ಹಿತ್ತಲಿನ ಹುಲ್ಲಿನ ಮೇಲೆ ನಿಲ್ಲಿಸಿ, ಹೊತ್ತುಹೊತ್ತಿಗೆ ಮಳೆನೀರು ಹಿಡಿದರು. ಒಂದೇ ಮಳೆಯೊಳಗೆ ನೀರಿನ ಸಮಸ್ಥಾನಿ ಬದಲಾಗುವುದು ಕಂಡಿತು. ಅಲ್ಲಿಂದ ಹೊರಟ ಅವರ ಕೆಲಸ 1964ರಲ್ಲಿ ಮಳೆಯ ಸ್ಥಿರ ಸಮಸ್ಥಾನಿಗಳ ಕುರಿತ ದೊಡ್ಡ ಪ್ರಬಂಧವಾಯಿತು. ತಂಪು ಹೆಚ್ಚಿದಷ್ಟೂ ಡೆಲ್ಟಾ ಇಳಿಯುತ್ತದೆ, ಎತ್ತರ ಹೆಚ್ಚಿದಷ್ಟೂ ಇಳಿಯುತ್ತದೆ, ಉಷ್ಣವಲಯದಲ್ಲಿ ಮಳೆ ಹೆಚ್ಚಿದಷ್ಟೂ ಇಳಿಯುತ್ತದೆ ಎಂಬ ಪಾಠಗಳು ಅಲ್ಲಿ ನೆಲೆಗೊಂಡವು. ಗ್ರೀನ್‌ಲ್ಯಾಂಡಿನ ಹಿಮದೊಳಗೆ ಹಳೆಯ ಹವಾಮಾನ ಓದುವ ವಿದ್ಯೆಗೂ ಇದೇ ತಳಹದಿ.

1961 ಎರಡು ಕಾರಣಗಳಿಗೆ ಮುಖ್ಯ ವರ್ಷ. ಹಾರ್ಮನ್ ಕ್ರೇಗ್ ಜಗತ್ತಿನ ನಾನಾ ಕಡೆಯ ಮಳೆ, ನದಿ, ಸರೋವರಗಳ ಸುಮಾರು 400 ಮಾದರಿ ಅಳೆದು, ಡ್ಯೂಟೇರಿಯಂ ಮೌಲ್ಯ ಆಮ್ಲಜನಕ-18ರ ಮೌಲ್ಯದ ಎಂಟು ಪಟ್ಟಿಗೆ ಹತ್ತು ಕೂಡಿಸಿದಷ್ಟು ಇರುತ್ತದೆ ಎಂದು ತೋರಿಸಿದರು. ಎಲ್ಲ ಪ್ರಯೋಗಾಲಯಗಳೂ ಒಂದೇ ಸೊನ್ನೆಯಿಂದ ಅಳೆಯಲು ಸಾಗರದ ಸರಾಸರಿ ನೀರಿನ ಮಾನದಂಡವನ್ನೂ ಅವರೇ ಸೂಚಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ ಕೂಡಿ ಜಗತ್ತಿನ ಮಳೆಯ ಸಮಸ್ಥಾನಿಗಳನ್ನು ತಿಂಗಳು ತಿಂಗಳು ಅಳೆಯುವ ಜಾಲ ಕಟ್ಟಿದವು. ಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಎಲ್ಲೆಲ್ಲಿ ಇಳಿಯುತ್ತಿದೆ ಎಂದು ನೋಡುವ ಕಾಳಜಿ ಆ ಜಾಲದ ಹಿಂದಿತ್ತು. ನವದೆಹಲಿಯ ಮಳೆ ಅದರ ದೀರ್ಘ ದಾಖಲೆಗಳಲ್ಲೊಂದು.

ಉತ್ತರದ ಸಾಗರಕ್ಕೆ

ಧ್ರುವ ಸಾಗರದ ನೀರನ್ನೇ ಗುರಿಯಾಗಿಟ್ಟು ಈ ಲೆಕ್ಕ ಹಾಕಿದವರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಮತ್ತು ಇರ್ವಿಂಗ್ ಫ್ರೀಡ್‌ಮನ್ ಮೊದಲಿಗರು. 1969ರ ಅವರ ಪ್ರಬಂಧ ಡ್ಯೂಟೇರಿಯಂ ಹಿಡಿದು ಮಳೆಹಿಮದ ನೀರು, ಕರಗಿದ ಮಂಜು, ಹೆಪ್ಪುಗಟ್ಟುವಾಗ ಹೊರಬಿದ್ದ ಗಾಢ ಉಪ್ಪುನೀರು ಈ ಮೂರರ ಪ್ರಭಾವವನ್ನು ಬೇರ್ಪಡಿಸಲು ಹೊರಟಿತು. 1980 ಮತ್ತು 1981ರಲ್ಲಿ ಪೂರ್ವ ಕೆನಡಾದ ಆರ್ಕ್ಟಿಕ್ ಮತ್ತು ಬ್ಯಾಫಿನ್ ಕೊಲ್ಲಿಯ ಮೇಲೆ ಆಮ್ಲಜನಕ-18ರ ಅಧ್ಯಯನಗಳು ಬಂದವು. 1984ರಲ್ಲಿ ಗೋಟೆ ಒಸ್ಟ್‌ಲುಂಡ್ ಮತ್ತು ಹುಟ್ ಆಮ್ಲಜನಕ-18ನ್ನು ಟ್ರಿಟಿಯಂ ಜೊತೆ ಕೂಡಿಸಿ ಆರ್ಕ್ಟಿಕ್ ಸಾಗರದ ಇಡೀ ನೀರಿನ ಜಮಾಖರ್ಚು ಬರೆದರು. ಎಲ್ಲಿಂದ ಬಂತು ಎಂಬುದಕ್ಕೆ ಒಂದು ಗುರುತು, ಯಾವಾಗ ಬಂತು ಎಂಬುದಕ್ಕೆ ಇನ್ನೊಂದು. ಮೇಲ್ಪದರದ ಸಿಹಿನೀರು ಹೊರಹೋಗುವ ಮುನ್ನ ಸುಮಾರು ಹತ್ತು ವರ್ಷ ಅಲ್ಲೇ ಸುತ್ತುತ್ತದೆ ಎಂಬ ಅಂದಾಜು ಆಗ ಸಿಕ್ಕಿತು.

ಆಮೇಲಿನ ದಶಕದಲ್ಲಿ ಹಿಮ ಒಡೆಯುವ ಹಡಗುಗಳು ಸಾಗರದ ನಡುಭಾಗಕ್ಕೆ ಹೋಗಲು ಶುರುಮಾಡಿದವು. ಅಲ್ಲಿಯವರೆಗೆ ತೇಲುವ ಮಂಜಿನ ಮೇಲಿನ ಶಿಬಿರಗಳಿಂದ ಅಲ್ಲೊಂದು ಇಲ್ಲೊಂದು ಮಾದರಿ ಸಿಗುತ್ತಿತ್ತು. ಜರ್ಮನಿಯ ಪೋಲಾರ್‌ಸ್ಟರ್ನ್, ಸ್ವೀಡನ್ನಿನ ಓಡೆನ್ ಹಡಗುಗಳು ತಂದ ನೀರಿನ ಮೇಲೆ ಡೊರೊಥಿಯಾ ಬೌಖ್, ಪೀಟರ್ ಶ್ಲೋಸರ್ ಮತ್ತು ರಿಚರ್ಡ್ ಫೇರ್‌ಬ್ಯಾಂಕ್ಸ್ 1995ರಲ್ಲಿ ಪ್ರಕಟಿಸಿದ ಸಿಹಿನೀರಿನ ಲೆಕ್ಕ ಇಂದಿಗೂ ಆಧಾರವಾಗಿದೆ. ಸೈಬೀರಿಯದ ಅಗಲವಾದ ಆಳವಿಲ್ಲದ ಕಡಲಂಚಿನಲ್ಲಿ ನದಿಯ ನೀರು ಸೇರುತ್ತದೆ, ಅದೇ ಜಾಗದಲ್ಲಿ ಮಂಜು ಹೆಪ್ಪುಗಟ್ಟಿ ಹೊರಗೆ ತೇಲಿ ಹೋಗುತ್ತದೆ ಎಂಬ ಚಿತ್ರ ಆ ಋಣ ಅಂಕಿಗಳಿಂದ ಸ್ಪಷ್ಟವಾಯಿತು. ಅದೇ ವರ್ಷ ರಾಬಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಮೆಕೆಂಜಿ ನದಿಯ ನೀರು ಮಂಜಿನ ಹೊದಿಕೆಯ ಕೆಳಗೆ ಹೇಗೆ ಹರಡುತ್ತದೆ ಎಂಬುದನ್ನು ನೀರು ಮತ್ತು ಮಂಜು ಎರಡರ ಸಮಸ್ಥಾನಿಗಳಿಂದ ಓದಿದರು.

ಆಗ ನಾಲ್ಕನೆಯ ಮೂಲದ ತೊಡಕು ಎದುರಾಯಿತು. ಪೆಸಿಫಿಕ್‌ನಿಂದ ಬರುವ ನೀರು ಅಟ್ಲಾಂಟಿಕ್ ನೀರಿಗಿಂತ ಉಪ್ಪಿನಲ್ಲೂ ಡೆಲ್ಟಾದಲ್ಲೂ ತುಸು ಕಡಿಮೆ. ಲೆಕ್ಕದಲ್ಲಿ ಅದನ್ನು ಬಿಟ್ಟರೆ ಅದರ ಪಾಲೆಲ್ಲ ನದಿಯ ಖಾತೆಗೆ ಜಮೆಯಾಗುತ್ತದೆ. 1998ರಲ್ಲಿ ಪೀಟರ್ ಜೋನ್ಸ್, ಲೀಫ್ ಆ್ಯಂಡರ್ಸನ್, ಜೇಮ್ಸ್ ಸ್ವಿಫ್ಟ್ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳ ಅನುಪಾತದಿಂದ ಪೆಸಿಫಿಕ್ ನೀರನ್ನು ಗುರುತಿಸಿದರು. 2001ರಲ್ಲಿ ಬ್ರೆಂಡಾ ಎಕ್‌ವುರ್ಜೆಲ್ ಮತ್ತು ಸಂಗಡಿಗರು ಲವಣಾಂಶ, ಆಮ್ಲಜನಕ-18, ಪೋಷಕಾಂಶ ಮೂರನ್ನೂ ಕೂಡಿಸಿ ನಾಲ್ಕು ಮೂಲಗಳ ಲೆಕ್ಕ ಬಿಡಿಸಿದರು. ನದಿ ನದಿಗಳನ್ನು ಬೇರ್ಪಡಿಸಲು ಬೇರಿಯಂ ಧಾತುವೂ ನೆರವಿಗೆ ಬಂತು.

ಈ ಲೆಕ್ಕಗಳಿಗೆಲ್ಲ ಒಂದು ದುರ್ಬಲ ಕೊಂಡಿ ಇತ್ತು. ನದಿಯ ಡೆಲ್ಟಾ ಎಷ್ಟು ಎಂಬುದಕ್ಕೆ ಸಂಶೋಧಕರು ಬೇಸಿಗೆಯ ಬಿಡಿ ಮಾದರಿಗಳನ್ನು ನೆಚ್ಚಿದ್ದರು. ವಸಂತದಲ್ಲಿ ಹಿಮ ಕರಗಿ ಬರುವ ಪ್ರವಾಹದ ನೀರು ಬೇರೆ, ಚಳಿಗಾಲದಲ್ಲಿ ಮಂಜಿನಡಿ ಹರಿಯುವ ನೀರು ಬೇರೆ. ಓಬ್, ಯೆನಿಸೇ, ಲೇನಾ, ಕೊಲೀಮಾ, ಯೂಕಾನ್, ಮೆಕೆಂಜಿ ಈ ಆರು ನದಿಗಳ ನೀರನ್ನು ವರ್ಷದ ಎಲ್ಲ ಕಾಲದಲ್ಲೂ ಹಿಡಿದು, ಹರಿವಿನ ಪ್ರಮಾಣಕ್ಕೆ ತೂಗಿ ಸರಾಸರಿ ತೆಗೆದ ಕೆಲಸ ಲೀ ಕೂಪರ್ ಮತ್ತು ಸಂಗಡಿಗರಿಂದ 2008ರಲ್ಲಿ ಪ್ರಕಟವಾಯಿತು. ನದಿಯ ಮುಖದಲ್ಲಿ ನಿಂತು ಮಾಡಿದ ಈ ಕೆಲಸ ದೂರದ ಕಡಲಿನ ಲೆಕ್ಕಗಳನ್ನು ಗಟ್ಟಿ ಮಾಡಿತು.

ಅದರ ಫಲ ಬೇಗ ಕಂಡಿತು. ಕೆನಡಾ ಜಲಾನಯನದ ಮೇಲ್ಪದರ 2003ರಿಂದ 2007ರವರೆಗೆ ಹೇಗೆ ಸಿಹಿಯಾಯಿತು, ಅದರಲ್ಲಿ ನದಿಯದೆಷ್ಟು, ಕರಗಿದ ಮಂಜಿನದೆಷ್ಟು ಎಂಬ ಪ್ರಶ್ನೆಯನ್ನೇ ಮಿಚಿಯೊ ಯಾಮಾಮೊಟೊ-ಕವಾಯಿ ಮತ್ತು ಸಂಗಡಿಗರು 2009ರಲ್ಲಿ ಬಿಡಿಸಿದರು. ಕರಗಿದ ಮಂಜಿನ ನೀರು ಸೇರಿದ ಮೇಲ್ಪದರದಲ್ಲಿ ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದ ಖನಿಜ ಕಡಿಮೆಯಾಗುತ್ತಿದೆ ಎಂಬ ಎಚ್ಚರಿಕೆಯೂ ಅದೇ ವರ್ಷ ಅವರಿಂದಲೇ ಬಂತು. 2012ರಲ್ಲಿ ಜೇಮ್ಸ್ ಮಾರಿಸನ್ ಮತ್ತು ಸಂಗಡಿಗರು ರಷ್ಯದ ನದಿಗಳ ನೀರು ಗಾಳಿಯ ವರಸೆ ಬದಲಾದ್ದರಿಂದ ಕೆನಡಾದ ಕಡೆಗೆ ತಿರುಗಿದ್ದನ್ನು ತೋರಿಸಿದರು. ಒಂದು ಕಡೆ ಸಿಹಿನೀರು ಹೆಚ್ಚಿದ್ದನ್ನು ಕಂಡ ಕೂಡಲೇ ಕರಗಿದ ಮಂಜಿನತ್ತ ಬೆರಳು ತೋರಿಸುವ ಅವಸರಕ್ಕೆ ಇದು ತಕ್ಕ ತಡೆ ಹಾಕಿತು.

ದಕ್ಷಿಣದ ಹಿಮ

ಅಂಟಾರ್ಕ್ಟಿಕದಲ್ಲಿ ದೊಡ್ಡ ನದಿಗಳಿಲ್ಲ. ಅಲ್ಲಿನ ಸಿಹಿನೀರು ಎಂದರೆ ಮಳೆಹಿಮ, ಕಡಲ ಮಂಜು, ಹಿಮಖಂಡದಿಂದ ಕಡಲ ಮೇಲೆ ಚಾಚಿಕೊಂಡ ತೇಲುಹಿಮದ ಅಡಿಯಲ್ಲಿ ಕರಗುವ ನೀರು. ಈ ಕೊನೆಯದು ಕಣ್ಣಿಗೆ ಕಾಣದೆ ನೂರಾರು ಮೀಟರ್ ಆಳದಲ್ಲಿ ನಡೆಯುತ್ತದೆ. ಅದರ ಡೆಲ್ಟಾ ಬಹಳ ಕೆಳಗಿರುವುದರಿಂದ ಅಲ್ಪ ಪ್ರಮಾಣ ಬೆರೆತರೂ ಗುರುತು ಸಿಗುತ್ತದೆ. 1979ರಲ್ಲಿ ರೇ ವೈಸ್, ಒಸ್ಟ್‌ಲುಂಡ್, ಕ್ರೇಗ್ ವೆಡೆಲ್ ಸಮುದ್ರದಲ್ಲಿ, 1985ರಲ್ಲಿ ಸ್ಟಾನ್ಲಿ ಜೇಕಬ್ಸ್, ಫೇರ್‌ಬ್ಯಾಂಕ್ಸ್, ಹೊರಿಬೆ ಖಂಡದ ಅಂಚಿನುದ್ದಕ್ಕೂ ಈ ಗುರುತನ್ನು ಹಿಂಬಾಲಿಸಿದರು. 1990ರಲ್ಲಿ ಶ್ಲೋಸರ್ ಮತ್ತು ಸಂಗಡಿಗರು ಹೀಲಿಯಂ ಅನಿಲವನ್ನು ಜೊತೆಗಿಟ್ಟರು. ಹಿಮದೊಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಆಳದ ಒತ್ತಡದಲ್ಲಿ ಪೂರ್ತಿ ಕರಗುತ್ತವೆ, ಹಾಗಾಗಿ ಆ ನೀರಿನಲ್ಲಿ ಹೀಲಿಯಂ ಎಂದಿಗಿಂತ ಹೆಚ್ಚಿರುತ್ತದೆ. ಆಕಾಶದಿಂದ ಈಗ ಬಿದ್ದ ಹಿಮ ಮತ್ತು ತೇಲುಹಿಮದ ಅಡಿಯಲ್ಲಿ ಕರಗಿದ ಹಳೆಯ ಹಿಮ ಎರಡನ್ನೂ ಬೇರೆ ಮಾಡಲು ಈ ಜೋಡಿ ಸಾಕ್ಷ್ಯ ಬೇಕಾಯಿತು.

2002ರಲ್ಲಿ ಜೇಕಬ್ಸ್ ಮತ್ತು ಸಂಗಡಿಗರು ರಾಸ್ ಸಮುದ್ರ ಹಿಂದಿನ ನಾಲ್ಕು ದಶಕಗಳಲ್ಲಿ ಸಿಹಿಯಾಗುತ್ತ ಬಂದಿದೆ ಎಂದು ತೋರಿಸಿ, ಪಶ್ಚಿಮ ಅಂಟಾರ್ಕ್ಟಿಕದ ಹಿಮ ಕರಗುವುದು ಅದರ ಕಾರಣಗಳಲ್ಲಿ ಒಂದು ಎಂದರು. ಅಂಟಾರ್ಕ್ಟಿಕ ಪರ್ಯಾಯದ್ವೀಪದಲ್ಲಿ ಮೈಕೇಲ್ ಮೆರೆಡಿತ್ ಮತ್ತು ಸಂಗಡಿಗರು ಬ್ರಿಟಿಷ್ ನೆಲೆಯಾದ ರೊಥೆರಾದ ಬಳಿ ಒಂದೇ ಜಾಗದಿಂದ ಚಳಿಗಾಲದಲ್ಲೂ ಬಿಡದೆ ನೀರು ತೆಗೆದು ವರ್ಷಗಟ್ಟಲೆಯ ಸರಣಿ ಕಟ್ಟಿದರು. ಅಲ್ಲಿ ಕಡಲ ಮಂಜಿಗಿಂತ ಹಿಮನದಿ ಮತ್ತು ಮಳೆಹಿಮದ ನೀರಿನ ಪಾಲೇ ಹಿರಿದು ಎಂಬುದು ಗೊತ್ತಾದದ್ದು ಆ ಸರಣಿಯಿಂದ. ಅಮುಂಡ್ಸೆನ್ ಸಮುದ್ರದಲ್ಲಿ 1994ರಿಂದ 2020ರವರೆಗಿನ ಮಾದರಿಗಳನ್ನು ಜೋಡಿಸಿದ ಅಧ್ಯಯನ 2024ರಲ್ಲಿ ಬಂತು. ಕಾಲು ಶತಮಾನದ ಬಾಟಲಿಗಳನ್ನು ಜೋಪಾನ ಮಾಡಿದವರಿಲ್ಲದೆ ಇಂಥ ಕೆಲಸ ಆಗುವುದಿಲ್ಲ.

2000ರ ದಶಕದ ಕೊನೆಯಲ್ಲಿ ಲೇಸರ್ ಬೆಳಕಿನಿಂದ ಸಮಸ್ಥಾನಿ ಅಳೆಯುವ ಯಂತ್ರಗಳು ಮಾರುಕಟ್ಟೆಗೆ ಬಂದದ್ದು ಇನ್ನೊಂದು ತಿರುವು. ಕೆಲವೇ ಹನಿ ನೀರು, ಕಡಿಮೆ ವೆಚ್ಚ, ಆಮ್ಲಜನಕ ಜಲಜನಕ ಎರಡರ ಅಳತೆಯೂ ಒಟ್ಟಿಗೆ, ಹಡಗಿನ ಮೇಲೂ ಇಟ್ಟುಕೊಳ್ಳಬಹುದು. ಕಡಲ ನೀರಿನ ಉಪ್ಪು ಯಂತ್ರದೊಳಗೆ ಕೂರುವ ತೊಂದರೆಯನ್ನು ನಿಭಾಯಿಸಿದ ಪ್ರಯೋಗಾಲಯಗಳಿಗೆ ಇದು ದೊಡ್ಡ ವರವಾಯಿತು.

ಭಾರತದ ಪಾಲು

ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರ್‌ನಲ್ಲಿ ಗೋವೆಯಿಂದ ಹೊರಟಿತು. ಬೆಳಗಾವಿ ಸೀಮೆಯಿಂದ ಘಟ್ಟ ಇಳಿದರೆ ಸಿಗುವ ವಾಸ್ಕೊದಲ್ಲಿ ಇಂದು ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ದಕ್ಷಿಣ ಹಿಂದೂ ಮಹಾಸಾಗರದ ಮೇಲ್ಮೈ ನೀರಿನ ಆಮ್ಲಜನಕ, ಜಲಜನಕ ಸಮಸ್ಥಾನಿಗಳನ್ನು ಲವಣಾಂಶದೊಡನೆ ಹೋಲಿಸಿದ ಪ್ರಬಂಧವನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಸಂಗಡಿಗರು 2010ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2013ರಲ್ಲಿ ಗೋವೆಯ ಕೇಂದ್ರದ ಮನೀಶ್ ತಿವಾರಿ ಮತ್ತು ಸಂಗಡಿಗರು ಭಾರತದಿಂದ ಅಂಟಾರ್ಕ್ಟಿಕದವರೆಗಿನ ದಾರಿಯುದ್ದಕ್ಕೂ ಈ ಸಂಬಂಧ ವಲಯದಿಂದ ವಲಯಕ್ಕೆ ಹೇಗೆ ಬೇರೆಯಾಗುತ್ತದೆ ಎಂದು ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಸೇನ್‌ಜಿತ್ ಘೋಷ್ ಅವರ ತಂಡ ದಕ್ಷಿಣ ಸಾಗರದ ಭಾರತೀಯ ವಲಯದಲ್ಲಿ ನೀರಿನ ಆವಿ ಮತ್ತು ಮಳೆಯನ್ನೇ ಹಿಡಿದು ಅಳೆದದ್ದು 2018ರಲ್ಲಿ ಪ್ರಕಟವಾಯಿತು. ಕಡಲಿಗೆ ಬೀಳುವ ಮಳೆಯ ಗುರುತು ತಿಳಿಯದೆ ಕಡಲ ಲೆಕ್ಕ ಪೂರ್ತಿಯಾಗುವುದಿಲ್ಲ ಎಂಬುದಕ್ಕೆ ಈ ಕೆಲಸ ನೇರ ಉತ್ತರ.

ಉತ್ತರ ಧ್ರುವದ ಕಡೆ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನೈ-ಅಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ನೆಲೆ 2008ರಲ್ಲಿ ತೆರೆಯಿತು. ಅದರ ಮುಂದೆಯೇ ಕಾಂಗ್ಸ್‌ಫ್ಯೂರ್ಡ್ ಎಂಬ ಕಡಲ ಚಾಚು. ಒಂದು ಬಾಯಿಂದ ಅಟ್ಲಾಂಟಿಕ್‌ನ ಬೆಚ್ಚನೆಯ ಉಪ್ಪುನೀರು ಒಳಬರುತ್ತದೆ, ಇನ್ನೊಂದು ತುದಿಯಲ್ಲಿ ಹಿಮನದಿಗಳು ನೇರ ಕಡಲಿಗೆ ಇಳಿಯುತ್ತವೆ. 2014ರ ಜುಲೈನಲ್ಲಿ ಅಲ್ಲಿ ಇಂಡಾರ್ಕ್ ಎಂಬ ಭಾರತದ ನೀರಡಿಯ ವೀಕ್ಷಣಾಲಯ ಇಳಿಯಿತು. 2018ರಲ್ಲಿ ತಿವಾರಿ ಮತ್ತು ಸಂಗಡಿಗರು ಈ ಕಡಲ ಚಾಚಿನ ಆಮ್ಲಜನಕ-18 ಮತ್ತು ಲವಣಾಂಶದ ಸಂಬಂಧವನ್ನು ಪ್ರಕಟಿಸಿದರು. ಮಾದರಿಗಳನ್ನು ನಕ್ಷೆಯಲ್ಲಿ ಇಟ್ಟಾಗ ಅವು ಒಂದು ಗೆರೆಯ ಸುತ್ತ ನಿಲ್ಲುತ್ತವೆ. ಆ ಗೆರೆಯನ್ನು ಲವಣಾಂಶ ಸೊನ್ನೆಯಾಗುವವರೆಗೆ ಎಳೆದರೆ ಅಲ್ಲಿ ಬೆರೆಯುತ್ತಿರುವ ಸಿಹಿನೀರಿನ ಡೆಲ್ಟಾ ಸಿಗುತ್ತದೆ. ಮೂಲವನ್ನು ಮುಟ್ಟಲಾಗದ ಕಡೆ ಇದು ಮೂಲದ ಅಂದಾಜು ಕೊಡುವ ಉಪಾಯ.

ನಮ್ಮದೇ ಬಂಗಾಳ ಕೊಲ್ಲಿ ಈ ಉಪಾಯಕ್ಕೆ ಒಳ್ಳೆಯ ಪರೀಕ್ಷೆ ಒಡ್ಡುತ್ತದೆ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲವೂ ಅಲ್ಲಿಗೇ. ಆಮ್ಲಜನಕ-18 ಮತ್ತು ಲವಣಾಂಶದ ಸಂಬಂಧ ಜಾಗಕ್ಕೂ ಕಾಲಕ್ಕೂ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಉತ್ತರ ಹಿಂದೂ ಮಹಾಸಾಗರದ ಮೇಲಿನ 2001ರ ಮತ್ತು 2010ರ ಅಧ್ಯಯನಗಳು ತೋರಿಸಿದವು. ಕೃಷ್ಣೆಯ ಪಾಲಿನಲ್ಲಿ ಧುಪದಾಳ ದಾಟಿದ ನೀರೂ ಇದೆ.

ಸಹ್ಯಾದ್ರಿಯಿಂದ ಧುಪದಾಳಕ್ಕೆ

ಘಟಪ್ರಭೆಯ ಕಣಿವೆಯ ಮಳೆಯ ಏರಿಳಿತ ಬೆರಗು ಹುಟ್ಟಿಸುತ್ತದೆ. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುತ್ತದೆ. ಅದೇ ನೀರು ಇಳಿದು ಬರುವ ಗೋಕಾಕದಲ್ಲಿ ಮಳೆ ಅದರ ಹತ್ತರಲ್ಲೊಂದು ಪಾಲಿನಷ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧುಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದದ್ದು ಈ ಅಂತರವನ್ನು ತುಂಬಲಿಕ್ಕೆ: ಘಟ್ಟದ ಮಳೆಯನ್ನು ಬಯಲಿನ ಹೊಲಕ್ಕೆ ತರುವುದು. ಆಮೇಲೆ ಮೇಲ್ಭಾಗದಲ್ಲಿ 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯ ಬಂತು. ಒಡ್ಡಿನಿಂದ ಮುಂದೆ ನದಿ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕುತ್ತದೆ, ಮಾರ್ಕಂಡೇಯ ಬಂದು ಸೇರುತ್ತದೆ, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡುತ್ತದೆ.

ಇಂಥ ಕಣಿವೆಯ ಸಮಸ್ಥಾನಿಗಳನ್ನು ಬೇರೆಡೆಯ ಸೂತ್ರದಿಂದ ಊಹಿಸುವುದು ಅಪಾಯ. ಭೀಷ್ಮ ಕುಮಾರ್ ಮತ್ತು ಸಂಗಡಿಗರು 2010ರಲ್ಲಿ ಕೊಟ್ಟ ಭಾರತದ ಮಳೆಯ ಸಮೀಕರಣದಲ್ಲಿ ಕ್ರೇಗ್‌ರ ಎಂಟಕ್ಕೆ 7.93, ಹತ್ತಕ್ಕೆ 9.94 ಬಂತು. ಜಗತ್ತಿನ ನಿಯಮ ಇಲ್ಲಿಗೂ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅನ್ನಿಸುವುದು ಸಹಜ. ಆದರೆ ಮಳೆ ಹೆಚ್ಚಿದಷ್ಟೂ ಡೆಲ್ಟಾ ಇಳಿಯುತ್ತದೆ ಎಂಬ ಡಾನ್ಸ್‌ಗಾರ್ಡ್‌ರ ಉಷ್ಣವಲಯದ ಪಾಠಕ್ಕೆ ಸಹ್ಯಾದ್ರಿಯ ಮಳೆಯಲ್ಲಿ ವಿರುದ್ಧವಾದದ್ದು ಕಂಡಿತು ಎಂದು ಯಾದವ, ರಮೇಶ್, ಪಂಡರಿನಾಥ್ 2007ರಲ್ಲಿ ವರದಿ ಮಾಡಿದ್ದರು. ಕರಾವಳಿಯ ಸ್ವರ್ಣಾ, ನೇತ್ರಾವತಿ ನದಿಗಳ ನೀರಿನ ಚಕ್ರವನ್ನು ಸಮಸ್ಥಾನಿಗಳಿಂದ ಓದಿದ ಅಧ್ಯಯನ 2013ರಲ್ಲಿ ಬಂತು. ಅದೇ ವರ್ಷದ ಮುಂಗಾರಿನಲ್ಲಿ ಬೆಂಗಳೂರಿನ ಮಳೆ ಮತ್ತು ಆವಿಯನ್ನು ವಿಜ್ಞಾನ ಸಂಸ್ಥೆಯ ತಂಡ ಅಳೆಯಿತು. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಗಟ್ಟಿಶಿಲಾ ಪ್ರಾದೇಶಿಕ ಕೇಂದ್ರವೇ ಇದೆ. ವಿದ್ಯೆ, ಯಂತ್ರ, ಜನ ಎಲ್ಲವೂ ಕೈಗೆಟಕುವ ದೂರದಲ್ಲಿವೆ.

ಕೇಳಬೇಕಾದ ಪ್ರಶ್ನೆಗಳೂ ಇವೆ. ಗೋಕಾಕ, ಮೂಡಲಗಿ ಸೀಮೆಯ ಕಾಲುವೆ ಪ್ರದೇಶದಲ್ಲಿ ಸವಳು ಜವಳಾದ ಹೊಲದ ರೈತ ಕೇಳುವುದು, ನನ್ನ ಬಾವಿಯಲ್ಲಿ ಏರಿ ನಿಂತ ನೀರು ಕಾಲುವೆಯದೋ ಮಳೆಯದೋ ಎಂದು. ಕಾಲುವೆಯ ನೀರು ಘಟ್ಟದ್ದು, ಜಲಾಶಯದಲ್ಲಿ ನಿಂತು ಆವಿಯಾದದ್ದು; ಮಳೆ ಸ್ಥಳೀಯವಾದದ್ದು. ಎರಡರ ಗುರುತು ಬೇರೆಯಾಗಿದ್ದರೆ ಬಾವಿಯ ಒಂದು ಬಾಟಲಿ ಉತ್ತರ ಹೇಳುತ್ತದೆ. ಉತ್ತರಕ್ಕೆ ತಕ್ಕಂತೆ ಪರಿಹಾರ ಬೇರೆ: ಕಾಲುವೆಗೆ ಒಳಮೈ ಹಾಕಬೇಕೋ, ಬಸಿಗಾಲುವೆ ತೆಗೆಯಬೇಕೋ. 2019ರ ಆಗಸ್ಟ್‌ನಲ್ಲಿ ಗೋಕಾಕವನ್ನು ಮುಳುಗಿಸಿದಂಥ ಮಹಾಪೂರದಲ್ಲಿ ಜಲಾಶಯದ ಪಾಲೆಷ್ಟು, ಹಿರಣ್ಯಕೇಶಿ ಮಾರ್ಕಂಡೇಯಗಳ ಪಾಲೆಷ್ಟು ಎಂಬ ವಾದಕ್ಕೂ ಹರಿವಿನ ಅಳತೆಯ ಜೊತೆ ಇದು ಎರಡನೆಯ ಸಾಕ್ಷಿಯಾಗಬಲ್ಲದು.

ಬಿಡಿಸಬೇಕಾದ ಗಂಟುಗಳು

ಧ್ರುವ ಸಾಗರದಲ್ಲಿ ಕೆಲಸ ಮುಗಿದಿಲ್ಲ. ಪೆಸಿಫಿಕ್ ನೀರನ್ನು ಗುರುತಿಸುವ ಪೋಷಕಾಂಶದ ಅನುಪಾತ ಆರ್ಕ್ಟಿಕ್‌ನ ಆಳವಿಲ್ಲದ ಅಂಚುಗಳಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟ್ ತಿನ್ನುವುದರಿಂದಲೂ ಬದಲಾಗುತ್ತದೆ, ಹಾಗಾಗಿ ಲೆಕ್ಕ ಹೊಂದುತ್ತಿಲ್ಲ ಎಂದು 2019ರ ಅಧ್ಯಯನವೊಂದು ಎತ್ತಿ ತೋರಿಸಿತು. ಗ್ರೀನ್‌ಲ್ಯಾಂಡಿನ ಕರಗುನೀರು ಮತ್ತು ನದಿಯ ನೀರು ಎರಡೂ ಬಹಳ ಹಗುರ. ಡೆಲ್ಟಾ ಒಂದರಿಂದಲೇ ಅವನ್ನು ಬೇರ್ಪಡಿಸುವುದು ಕಷ್ಟ. ಹೀಲಿಯಂ, ನಿಯಾನ್, ಬೇರಿಯಂ, ನಿಯೋಡೈಮಿಯಂ ಗುರುತುಗಳನ್ನು ಜೊತೆಗೂಡಿಸುವ ಪ್ರಯತ್ನ ನಡೆದಿದೆ. ಇನ್ನೊಂದು ತೊಡಕು ಆಳವಾದದ್ದು. ಹವಾಮಾನ ಬಿಸಿಯಾದಂತೆ ಸೈಬೀರಿಯದ ಮಳೆಯೂ ಮಂಜುನೆಲದಿಂದ ಜಿನುಗುವ ನೀರೂ ಬದಲಾಗುತ್ತಿವೆ. ನದಿಯ ಡೆಲ್ಟಾ ಎಂದೋ ಒಮ್ಮೆ ಅಳೆದ ಅಂಕಿಯಲ್ಲಿ ನಿಲ್ಲುವುದಿಲ್ಲ. ಮೂಲವೇ ಕದಲುತ್ತಿರುವಾಗ ಹಳೆಯ ಅಂಕಿ ಹಿಡಿದು ಕಡಲನ್ನು ಓದಿದರೆ ತಪ್ಪು ಓದುತ್ತೇವೆ.

ಈ ಕ್ಷೇತ್ರದ ಚರಿತ್ರೆಯಲ್ಲಿ ಹೆಸರಾದ ಲೆಕ್ಕಗಳು ಹಲವು. ಅವುಗಳನ್ನು ನಿಲ್ಲಿಸಿದ್ದು ಕೊಲೀಮಾ ನದಿಯ ಮಂಜಿಗೆ ತೂತು ಕೊರೆದು ಚಳಿಗಾಲದ ನೀರು ತೆಗೆದವರು, ರೊಥೆರಾದಲ್ಲಿ ವಾರ ತಪ್ಪದೆ ದೋಣಿ ಇಳಿಸಿದವರು, ಮಳೆಯ ನೀರನ್ನು ಆವಿಯಾಗದಂತೆ ಬಿಗಿಯಾಗಿ ಮುಚ್ಚಿ ಅದರ ಮೇಲೆ ದಿನಾಂಕ ಬರೆದವರು. ಒಂದು ನದಿಯ ಗುರುತನ್ನು ಆ ನದಿಯ ದಡದಲ್ಲಿರುವವರೇ ನಂಬಿಕೆಯಿಂದ ಕೊಡಬಲ್ಲರು, ದೂರದಿಂದ ಯಾರೂ ಕೊಡಲಾರರು. ಲೇನಾ ನದಿಯ ದಡದವರು ಆ ಕೆಲಸ ಮಾಡಿದ್ದರಿಂದ ಇಂದು ಆರ್ಕ್ಟಿಕ್‌ನ ಲೆಕ್ಕ ಅಷ್ಟಾದರೂ ನಿಂತಿದೆ. ಕೃಷ್ಣೆ ಮತ್ತು ಅದರ ಉಪನದಿಗಳ ಮಳೆಗಾಲ, ಬೇಸಿಗೆ ಎರಡರ ಅಂಕಿಯೂ ವರ್ಷ ವರ್ಷ ಎಲ್ಲರಿಗೂ ತೆರೆದ ದಾಖಲೆಯಲ್ಲಿ ಸೇರಬೇಕು. ಆಗ ಬಂಗಾಳ ಕೊಲ್ಲಿಯ ಲೆಕ್ಕ ಗಟ್ಟಿಯಾಗುತ್ತದೆ, ನಮ್ಮ ಬಾವಿಗಳ ಲೆಕ್ಕವೂ ಗಟ್ಟಿಯಾಗುತ್ತದೆ. ಇದಕ್ಕೆ ಬೇಕಾದ ಖರ್ಚು ಸಣ್ಣದು. ಬೇಕಾದದ್ದು ಬಿಡದೆ ನಡೆಸುವ ಮನಸ್ಸು.